ಸೂಪರ್ ಡ್ಯೂಟಿ ಪಿಕಪ್‌ಗೆ ಲಿಫ್ಟ್ ಕಿಟ್: ಇಂಚು ಆಮೇಲೆ, ಮೊದಲು ಟೈರು ಮತ್ತು ಹೊರೆ

ಗಾಡಿಯ ಚಾಸಿಯನ್ನು ಎತ್ತರಿಸುವ ಬಿಡಿಭಾಗಗಳ ಗುಂಪೇ ಲಿಫ್ಟ್ ಕಿಟ್. ಎಷ್ಟು ಇಂಚು ಎತ್ತರಿಸಬೇಕು ಎಂದು ಯೋಚಿಸುವ ಮೊದಲು ಎರಡು ವಿಷಯ ಬರೆದಿಟ್ಟುಕೊಳ್ಳಿ: ಯಾವ ಅಳತೆಯ ಟೈರ್ ಹಾಕುತ್ತೀರಿ, ಗಾಡಿಯ ಹಿಂದೆ ಏನನ್ನು ಎಳೆಯುತ್ತೀರಿ. ಇವೆರಡು ಖಚಿತವಾದರೆ ಅರ್ಧಕ್ಕರ್ಧ ಕಿಟ್‌ಗಳು ಪಟ್ಟಿಯಿಂದ ತಾವಾಗಿ ಉದುರುತ್ತವೆ.

ಇಲ್ಲಿ ಹೇಳುವುದೆಲ್ಲ ಅಮೆರಿಕದ ಫೋರ್ಡ್ ಎಫ್-250, ಎಫ್-350 ಸೂಪರ್ ಡ್ಯೂಟಿ ಫೋರ್ ವೀಲ್ ಡ್ರೈವ್ ಗಾಡಿಗಳ ಬಗ್ಗೆ, 2005ರಿಂದ ಈಚಿನವು. ಇವುಗಳ ಮುಂಭಾಗದಲ್ಲಿ ಚಕ್ರದಿಂದ ಚಕ್ರಕ್ಕೆ ಒಂದೇ ಗಟ್ಟಿ ಹೌಸಿಂಗ್ (ಆಕ್ಸಲ್ ಇರುವ ಕೊಳವೆ), ಅದರ ಮೇಲೆ ಕಾಯಿಲ್ ಸ್ಪ್ರಿಂಗ್. ಹೌಸಿಂಗ್ ಹಿಂದೆಮುಂದೆ ಆಗದಂತೆ ಎರಡು ರೇಡಿಯಸ್ ಆರ್ಮ್, ಎಡಬಲಕ್ಕೆ ಸರಿಯದಂತೆ ಒಂದು ಟ್ರ್ಯಾಕ್ ಬಾರ್. ಹಿಂದೆ ಲಾರಿಯ ಹಾಗೆ ಲೀಫ್ ಸ್ಪ್ರಿಂಗ್. ಶೆವರ್ಲೆ 2500 ಎಚ್‌ಡಿ ಬೇರೆಯೇ ಜಾತಿ. ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು), ಎರಡೂ ಚಕ್ರ ಬಿಡಿಬಿಡಿ. ಅದನ್ನು ಸುಮಾರು 2 ಇಂಚಿಗಿಂತ ಹೆಚ್ಚು ಎತ್ತಬೇಕಾದರೆ ಕ್ರಾಸ್‌ಮೆಂಬರನ್ನೇ (ಚಾಸಿಯ ಅಡ್ಡ ತೊಲೆ) ಕೆಳಗಿಳಿಸಬೇಕು, ಹಾಗಾಗಿ ಇಲ್ಲಿನ ಲೆಕ್ಕ ಅದಕ್ಕೆ ಹೊಂದುವುದಿಲ್ಲ.

ಅಳತೆ

ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ನಾಲ್ಕೂ ಕಡೆ ಚಕ್ರದ ನಡುಮಧ್ಯದಿಂದ ಫೆಂಡರ್ ಅಂಚಿಗೆ ಟೇಪ್ ಹಿಡಿಯಿರಿ. ನೆಲದಿಂದ ಅಳೆದರೆ ಟೈರ್ ಬದಲಾದ ಕೂಡಲೇ ಲೆಕ್ಕ ಕೆಡುತ್ತದೆ. ಖಾಲಿ ಗಾಡಿಯ ಹಿಂಭಾಗ ಸ್ವಲ್ಪ ಎತ್ತರವಾಗಿಯೇ ಇರುತ್ತದೆ, ಹೊರೆ ಬಿದ್ದಾಗ ಮಟ್ಟಕ್ಕೆ ಬರಲಿ ಎಂದು ಕಂಪನಿಯೇ ಹಾಗೆ ಮಾಡಿರುವುದು. ಮುಂದಿನ ಭಾಗವನ್ನಷ್ಟೇ ಎತ್ತಿ ಈ ವ್ಯತ್ಯಾಸ ಅಳಿಸುವುದೇ ಲೆವೆಲಿಂಗ್ ಕಿಟ್. ವಾರಕ್ಕೊಮ್ಮೆ ಟ್ರೇಲರ್ ಎಳೆಯುವವರು ಪೂರ್ತಿ ಮಟ್ಟ ಮಾಡಬೇಡಿ. ಹಿಂಭಾಗ ಕುಸಿದಾಗ ಹೆಡ್‌ಲೈಟ್ ನೇರ ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಸ್ಥೂಲವಾಗಿ ಹೇಳುವುದಾದರೆ 35 ಇಂಚಿನ ಟೈರಿಗೆ 2ರಿಂದ 2.5 ಇಂಚು ಲಿಫ್ಟ್ ಸಾಕು, 37ಕ್ಕೆ 4 ಇಂಚು. ರಿಮ್‌ನ ಆಫ್‌ಸೆಟ್ (ಚಕ್ರ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಎಂಬುದು) ಮೇಲೆ ಇದು ಸ್ವಲ್ಪ ಆಚೀಚೆ ಆಗುತ್ತದೆ. ಟೈರ್ ಫೆಂಡರಿಗೆ ತಾಗದಿದ್ದರೂ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ರೇಡಿಯಸ್ ಆರ್ಮಿಗೆ ಉಜ್ಜಬಹುದು.

ಒಂದು ಮಾತು ಅಂಗಡಿಯವರು ಹೇಳುವುದಿಲ್ಲ. ಗಟ್ಟಿ ಹೌಸಿಂಗ್ ಇರುವ ಗಾಡಿಯಲ್ಲಿ ನೆಲಕ್ಕೆ ಅತಿ ಹತ್ತಿರ ಇರುವುದು ಡಿಫರೆನ್ಷಿಯಲ್, ಅಂದರೆ ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಗೇರ್ ಭಾಗ. ಲಿಫ್ಟ್ ಕಿಟ್ ಅದನ್ನು ಕೂದಲೆಳೆಯಷ್ಟೂ ಎತ್ತುವುದಿಲ್ಲ, ಟೈರ್ ಮಾತ್ರ ಎತ್ತುತ್ತದೆ. 34 ಇಂಚಿನಿಂದ 37ಕ್ಕೆ ಹೋದರೆ ವ್ಯಾಸದ ಅರ್ಧ, ಅಂದರೆ ಒಂದೂವರೆ ಇಂಚು ಸಿಗುತ್ತದೆ. 6 ಇಂಚಿನ ಕಿಟ್ ಹಾಕಿ ಹಳೆ ಟೈರನ್ನೇ ಉಳಿಸಿಕೊಂಡರೆ ಕಲ್ಲಿಗೆ ತಾಗುವುದು ಮೊದಲಿನಷ್ಟೇ, ಹತ್ತಿ ಇಳಿಯುವ ಕಷ್ಟ ಮಾತ್ರ ಹೊಸದು.

ಡಬ್ಬಿಯಲ್ಲಿ ಏನಿರಬೇಕು

4 ಇಂಚಿನ ಎರಡು ಕಿಟ್‌ಗಳ ಬೆಲೆಯಲ್ಲಿ ಒಂದಕ್ಕೆರಡು ಅಂತರ ಇದ್ದರೆ ಕಾರಣ ಬಹುಪಾಲು ಬಿಡಿಭಾಗಗಳ ಪಟ್ಟಿಯಲ್ಲೇ ಕಾಣುತ್ತದೆ.

ಮೊದಲು ರೇಡಿಯಸ್ ಆರ್ಮ್ ನೋಡಿ. ಗಾಡಿ ಎತ್ತಿದಾಗ ಆರ್ಮ್ ಓರೆಯಾಗುತ್ತದೆ, ಜೊತೆಗೆ ಹೌಸಿಂಗ್ ಮುಂದಕ್ಕೆ ತಿರುಗಿ ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಹಲವು ಡಿಗ್ರಿ ಕಡಿಮೆಯಾಗುತ್ತದೆ. ಆಗ ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ಮರಳುವುದಿಲ್ಲ, ಹೆದ್ದಾರಿಯಲ್ಲಿ ಗಾಡಿ ಅಲೆದಾಡುತ್ತದೆ. ಸರಿಪಡಿಸಲು ಎರಡು ದಾರಿ: ಆರ್ಮ್‌ನ ಹಿಂತುದಿಯನ್ನು ಕೆಳಗಿಳಿಸುವ ಡ್ರಾಪ್ ಬ್ರಾಕೆಟ್, ಇಲ್ಲವೇ ಹೊಸ ಆರ್ಮ್. ಬ್ರಾಕೆಟ್ ಅಗ್ಗ, ಡಾಂಬರು ರಸ್ತೆಗೆ ಸಾಕು, ಆದರೆ ಚಾಸಿಯಿಂದ ಕೆಳಗೆ ಜೋತುಬಿದ್ದು ಬಂಡೆಗೆ ಸಿಗುತ್ತದೆ. ಹೊಸ ಆರ್ಮ್ ದುಬಾರಿ, ಕಾಡುದಾರಿಗೆ ಅದೇ ಸರಿ.

ಮುಂದಿನದು ಟ್ರ್ಯಾಕ್ ಬಾರ್. ಇದರ ಒಂದು ತುದಿ ಡ್ರೈವರ್ ಕಡೆ ಚಾಸಿಯಲ್ಲಿ, ಇನ್ನೊಂದು ಆಚೆ ಬದಿಯ ಹೌಸಿಂಗಿನಲ್ಲಿ. ಚಾಸಿ ಮೇಲೆದ್ದಷ್ಟೂ ಬಾರ್ ಕಡಿದಾಗುತ್ತದೆ, ಇಡೀ ಹೌಸಿಂಗ್ ಡ್ರೈವರ್ ಕಡೆಗೆ ಸರಿಯುತ್ತದೆ. ಉದ್ದ ಹೊಂದಿಸಬಹುದಾದ ಬಾರ್ ಆದರೂ ಬೇಕು, ಬಾರನ್ನು ಕೆಳಗಿಳಿಸುವ ಬ್ರಾಕೆಟ್ ಆದರೂ ಬೇಕು. ಬ್ರಾಕೆಟ್ ಇಟ್ಟರೆ ಜೊತೆಗೆ ಡ್ರಾಪ್ ಪಿಟ್‌ಮನ್ ಆರ್ಮ್ (ಸ್ಟೀರಿಂಗ್ ಗೇರ್ ಪೆಟ್ಟಿಗೆಗೆ ಸೇರಿದ, ಹೆಚ್ಚು ಕೆಳಗಿಳಿಯುವ ತೋಳು) ಇರಲೇಬೇಕು. ಮುಂದಿನಿಂದ ನೋಡಿದಾಗ ಟ್ರ್ಯಾಕ್ ಬಾರ್ ಮತ್ತು ಡ್ರ್ಯಾಗ್ ಲಿಂಕ್ (ಆ ತೋಳಿನಿಂದ ಚಕ್ರದ ಕಡೆಗೆ ಹೋಗುವ ಸರಳು) ಒಂದಕ್ಕೊಂದು ಸಮಾನಾಂತರವಾಗಿರಬೇಕು. ಒಂದನ್ನು ಮಾತ್ರ ಇಳಿಸಿದರೆ ಪ್ರತಿ ಗುಂಡಿಗೂ ಸ್ಟೀರಿಂಗ್ ತಾನೇ ಎಳೆಯುತ್ತದೆ.

ಕಾಯಿಲ್ ಸ್ಪ್ರಿಂಗಿನಲ್ಲಿ ಡೀಸೆಲ್, ಪೆಟ್ರೋಲ್ ಬೇರೆ ಬೇರೆ. 6.7 ಲೀಟರ್ ಪವರ್‌ಸ್ಟ್ರೋಕ್ ಡೀಸೆಲ್ ಎಂಜಿನ್ ಪೆಟ್ರೋಲ್ ಎಂಜಿನ್‌ಗಿಂತ ಬಹಳ ಭಾರ. ಅದರ ಸ್ಪ್ರಿಂಗ್ ಪೆಟ್ರೋಲ್ ಗಾಡಿಗೆ ಹಾಕಿದರೆ ಮೂಗು ಬೇಕಾದ್ದಕ್ಕಿಂತ ಎತ್ತರ ನಿಂತು ಕುಲುಕಾಟ ಶುರುವಾಗುತ್ತದೆ. ಆರ್ಡರ್ ಮಾಡುವಾಗ ಎಂಜಿನ್, ವರ್ಷ, ಒಂಟಿ ಚಕ್ರವೋ ಜೋಡಿ ಚಕ್ರವೋ ಎಂಬುದನ್ನು ಪಾರ್ಟ್ ನಂಬರಿನೊಂದಿಗೆ ತಾಳೆ ನೋಡಿ. ಉದ್ದದ ಶಾಕ್, ಬಂಪ್ ಸ್ಟಾಪ್ (ಸ್ಪ್ರಿಂಗ್ ಅತಿಯಾಗಿ ಕುಗ್ಗದಂತೆ ತಡೆಯುವ ತುಂಡು), ಬ್ರೇಕ್ ಹೋಸಿನ ಬ್ರಾಕೆಟ್, ಸ್ವೇ ಬಾರ್ (ತಿರುವಿನಲ್ಲಿ ಗಾಡಿ ವಾಲದಂತೆ ಹಿಡಿಯುವ ಸರಳು) ಲಿಂಕ್ ಇವೂ ಡಬ್ಬಿಯಲ್ಲಿರಬೇಕು. ಸ್ಪೇಸರ್ (ಸ್ಪ್ರಿಂಗಿಗೆ ಸೇರಿಸುವ ದಪ್ಪ ಬಿಲ್ಲೆ) ಜೊತೆಗೆ ಹಳೆ ಶಾಕನ್ನೇ ಉಳಿಸಿದರೆ ಚಕ್ರ ಕೆಳಗಿಳಿದಾಗ ಪೂರ್ತಿ ಹಿಗ್ಗಿ, ಒಳಗೇ ಬಡಿದು ಬೇಗ ಸೋರುತ್ತದೆ.

ಹಿಂದಿನ ಲೀಫ್ ಸ್ಪ್ರಿಂಗ್ ಮತ್ತು ಹೌಸಿಂಗ್ ನಡುವೆ ಬ್ಲಾಕ್ ಇಡುವುದು ಸಾಮಾನ್ಯ. ಬ್ಲಾಕ್ ಒಂದೇ ಇರಲಿ. ಫ್ಯಾಕ್ಟರಿ ಬ್ಲಾಕಿನ ಮೇಲೆ ಇನ್ನೊಂದು ಪೇರಿಸಿದ್ದು ಕಂಡರೆ ಆ ಕೆಲಸಗಾರನಿಗೆ ಗಾಡಿ ಕೊಡಬೇಡಿ. ಬ್ಲಾಕ್ ಎತ್ತರವಾದಷ್ಟೂ ಎಕ್ಸಲರೇಟರ್ ಒತ್ತಿದಾಗ ಹೌಸಿಂಗ್ ತಿರುಚಿಕೊಂಡು ಕುಪ್ಪಳಿಸುತ್ತದೆ. ಭಾರ ಎಳೆಯುವವರಿಗೆ ಹೊಸ ಲೀಫ್ ಪ್ಯಾಕ್ ಒಳ್ಳೆಯದು, ಇಲ್ಲವಾದರೆ ಹೌಸಿಂಗ್ ತಿರುಚದಂತೆ ಹಿಡಿಯುವ ಟ್ರ್ಯಾಕ್ಷನ್ ಬಾರ್. ಯು-ಬೋಲ್ಟ್ ಹೊಸದೇ ಆಗಬೇಕು. ಒಮ್ಮೆ ಬಿಗಿದು ಹಿಗ್ಗಿದ್ದನ್ನು ಮತ್ತೆ ಬಿಗಿದರೆ ಹಿಡಿತ ನಿಲ್ಲುವುದಿಲ್ಲ.

ಕಿಟ್ ಕೊಳ್ಳುವ ಮುನ್ನ ಈ ಪರೀಕ್ಷೆ

ಗಂಟೆಗೆ 50–60 ಮೈಲಿ ವೇಗದಲ್ಲಿ ಸೇತುವೆಯ ಜಾಯಿಂಟ್ ಹಾಯ್ದ ಕೂಡಲೇ ಸ್ಟೀರಿಂಗ್ ಕೈಯಿಂದ ಕಿತ್ತುಹೋಗುವಂತೆ ಅದುರಿದರೆ ಅದೇ ಡೆತ್ ವಾಬಲ್. ಇದಕ್ಕೆ ಮೂಲ ಸವೆದ ಬುಷ್ (ಕೀಲುಗಳ ಒಳಗಿನ ರಬ್ಬರ್), ಸಡಿಲ ಬೋಲ್ಟ್, ಹೋದ ಬಾಲ್ ಜಾಯಿಂಟ್. ಅದುರನ್ನು ತಗ್ಗಿಸುವ ಸ್ಟೀರಿಂಗ್ ಡ್ಯಾಂಪರನ್ನು ಜೋಡಿಯಾಗಿ ಹಾಕುವುದು ಜ್ವರ ಬಿಡದೆ ಕಂಬಳಿ ಹೊದಿಸಿದ ಹಾಗೆ.

ಚಕ್ರ ನೆಲದ ಮೇಲಿರಲಿ, ಪಾರ್ಕಿಂಗ್ ಬ್ರೇಕ್ ಹಾಕಿ, ಎಂಜಿನ್ ಚಾಲೂ ಮಾಡಿ. ಒಬ್ಬರು ಸ್ಟೀರಿಂಗನ್ನು ಗಡಿಯಾರದ ಹತ್ತರಿಂದ ಎರಡರವರೆಗೆ ಎಡಬಲ ಆಡಿಸುತ್ತಿರಲಿ, ಇನ್ನೊಬ್ಬರು ಟಾರ್ಚ್ ಹಿಡಿದು ಟ್ರ್ಯಾಕ್ ಬಾರ್‌ನ ಎರಡೂ ತುದಿ ನೋಡಲಿ. ಬುಷ್ ರಬ್ಬರ್ ಸ್ವಲ್ಪ ತಿರುಚಿಕೊಳ್ಳುವುದು ಸಹಜ. ಬೋಲ್ಟ್ ತನ್ನ ತೂತಿನೊಳಗೆ ಅತ್ತಿತ್ತ ಸರಿದರೆ, ಸುತ್ತ ತುಕ್ಕಿನ ಕೆಂಪು ಪುಡಿ ಕಂಡರೆ ಮೊದಲು ಅದನ್ನು ಸರಿಮಾಡಿಸಿ. ಸವೆದ ಭಾಗದ ಮೇಲೆ ಹೊಸ ಕಿಟ್ ಕೂರಿಸಿದರೆ ದೋಷ ದೊಡ್ಡದಾಗುತ್ತದೆಯೇ ಹೊರತು ಹೋಗುವುದಿಲ್ಲ.

ಹೊರೆ, ಗೇರ್, ಕಾನೂನು

ಗಾಡಿ ಎತ್ತರವಾದರೆ ಹೊರುವ ಶಕ್ತಿ ಹೆಚ್ಚುವುದಿಲ್ಲ. ಡ್ರೈವರ್ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವ ತೂಕದ ಮಿತಿಯೇ ಮಿತಿ. ಹಿಂಭಾಗ 4 ಇಂಚು ಏರಿದರೆ ಟ್ರೇಲರ್ ಸಿಕ್ಕಿಸುವ ಗುಂಡಾದ ಹಿಚ್ ಬಾಲನ್ನು ಅಷ್ಟೇ ಇಳಿಸಬೇಕು. ಫಿಫ್ತ್ ವೀಲ್ ಟ್ರೇಲರ್ (ಪಿಕಪ್ ಬೆಡ್ ಒಳಗೇ ಕೊಂಡಿ ಸಿಕ್ಕಿಸುವಂಥದ್ದು) ಇದ್ದರೆ ಬೆಡ್‌ನ ಅಂಚಿಗೂ ಟ್ರೇಲರ್ ಮೂಗಿಗೂ ನಡುವೆ ಕನಿಷ್ಠ 5–6 ಇಂಚು ಜಾಗ ಉಳಿಯುತ್ತದೆಯೇ ಎಂದು ಮೊದಲೇ ಅಳೆಯಿರಿ, ಈ ಒಂದು ಅಳತೆಗೇ ಎಷ್ಟೋ ಕಿಟ್ ವಾಪಸು ಹೋಗುತ್ತವೆ.

34ರಿಂದ 37ಕ್ಕೆ ಹೋದಾಗ ಮೀಟರಿನಲ್ಲಿ 60 ಮೈಲಿ ಕಂಡರೆ ನಿಜವಾದ ವೇಗ 65 ದಾಟಿರುತ್ತದೆ. 3.73 ಆಕ್ಸಲ್ ಗೇರ್ 3.43ರಂತೆ ವರ್ತಿಸುತ್ತದೆ, ಘಾಟಿ ಏರುವಾಗ ಮತ್ತೆ ಮತ್ತೆ ಗೇರ್ ಇಳಿಯುತ್ತದೆ. ಟೈರ್ ಅಳತೆಯನ್ನು ಕಂಪ್ಯೂಟರಿಗೆ ತಿಳಿಸಲೇಬೇಕು. ಫೋರ್ಡಿನಲ್ಲಿ ಇದು ಫೋರ್‌ಸ್ಕ್ಯಾನ್ ಎಂಬ ತಂತ್ರಾಂಶದ ಮೂಲಕ ಆಗುತ್ತದೆ.

ಎತ್ತರದ ಮಿತಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಮೂಗು ಮೇಲೆ, ಬಾಲ ಕೆಳಗೆ ಮಾಡುವ ಶೋಕಿಗೆ ನಾರ್ತ್ ಕ್ಯಾರೊಲಿನಾ 2021ರ ಡಿಸೆಂಬರಿನಿಂದ ಕಡಿವಾಣ ಹಾಕಿದೆ: ಮುಂದಿನ ಫೆಂಡರ್ ಹಿಂದಿನದಕ್ಕಿಂತ 4 ಇಂಚು ಅಥವಾ ಅದಕ್ಕಿಂತ ಹೆಚ್ಚು ಎತ್ತರ ಇರುವಂತಿಲ್ಲ. ಇದನ್ನು ಓದಿ ಊರಿನಲ್ಲಿರುವ ಇಸುಝು ವಿ-ಕ್ರಾಸ್ ಅಥವಾ ಟೊಯೊಟಾ ಹೈಲಕ್ಸ್ ಪಿಕಪ್ ನೆನಪಾದವರಿಗೆ ಒಂದು ಮಾತು. ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆ ಸಲ್ಲದು ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಸಹ ಹೇಳಿದೆ.

ಕೂರಿಸುವಾಗ ಬುಷ್ ಇರುವ ಬೋಲ್ಟುಗಳನ್ನು ಗಾಡಿ ತನ್ನ ತೂಕದ ಮೇಲೆ ನಿಂತ ಮೇಲೆಯೇ ಅಂತಿಮವಾಗಿ ಬಿಗಿಯಿರಿ. ಜ್ಯಾಕ್ ಮೇಲೆ ಬಿಗಿದರೆ ರಬ್ಬರ್ ಸದಾ ತಿರುಚಿದ ಸ್ಥಿತಿಯಲ್ಲಿದ್ದು ಬೇಗ ಹರಿಯುತ್ತದೆ. ಅದೇ ದಿನ ಅಲೈನ್‌ಮೆಂಟ್ ಮಾಡಿಸಿ, ಕ್ಯಾಸ್ಟರ್ ಸಂಖ್ಯೆ ಇರುವ ಪ್ರಿಂಟ್ ಕೇಳಿ ಪಡೆಯಿರಿ, ಹೆಡ್‌ಲೈಟ್ ತಗ್ಗಿಸಿ. 500 ಮೈಲಿ ಓಡಿದ ಮೇಲೆ ಟಾರ್ಕ್ ರೆಂಚ್ ಹಿಡಿದು ಎಲ್ಲ ಬೋಲ್ಟ್ ಮತ್ತೊಮ್ಮೆ ನೋಡಿ, ಯು-ಬೋಲ್ಟ್ ಮೊದಲು.