‘ಕಟ್’ ಎಂದ ಮೇಲೆ ಶುರುವಾಗುವ ಮೇಕಿಂಗ್

ಒಂದು ಕ್ಯಾಮೆರಾ, ಒಂಟಿ ಕಾಲಿನ ಸ್ಟ್ಯಾಂಡ್ ಆದ ಒಂದು ಮೊನೊಪಾಡ್, ನಿರ್ದೇಶಕರ ಅಂಗಿಗೆ ಒಂದು ಮೈಕ್. ಟೇಕ್ ನಡೆಯುವಾಗ ರೆಕಾರ್ಡಿಂಗ್ ಇಲ್ಲ. ‘ಕಟ್’ ಎಂದ ಮೇಲೆ ಮಾತ್ರ. ಸಿನಿಮಾದ ಚಿತ್ರೀಕರಣ ಹೇಗೆ ನಡೆಯಿತೆಂದು ತೋರಿಸುವ ಮೇಕಿಂಗ್ ವಿಡಿಯೊವನ್ನು ಹೀಗೆ ಮಾಡುತ್ತೇನೆ ಎಂದಾಗ ನಿರ್ಮಾಣ ನಿರ್ವಾಹಕರು ನಕ್ಕರು. ‘ಕುರ್ಚಿಯಲ್ಲಿ ಕುಳಿತವರನ್ನು ಯಾರು ನೋಡುತ್ತಾರೆ? ಕ್ರೇನ್ ತೋರಿಸಿ, ಫೈಟ್ ತೋರಿಸಿ’ ಎಂದರು. ಇದೇ ಕೆಲಸ ಮಾಡುವ ಗೆಳೆಯರೂ ಇದು ಆಗದ ಮಾತೆಂದು ತಲೆಯಾಡಿಸಿದರು. ಈಗ ಚಿತ್ರದ ಪ್ರಚಾರಕ್ಕೆ ಆ ತುಣುಕುಗಳೇ ಬಳಕೆಯಾಗಿವೆ, ಮುಂದಿನ ಚಿತ್ರಕ್ಕೂ ನನ್ನನ್ನೇ ಕರೆದಿದ್ದಾರೆ. ಹಾಗಾಗಿ ಕೊಂಚ ಜಂಬದಿಂದಲೇ ಬರೆಯುತ್ತಿದ್ದೇನೆ.

ಹಿಂದಿನ ಚಿತ್ರಗಳಲ್ಲಿ ನಾನೂ ಕ್ಯಾಮೆರಾ ಅಲುಗದಂತೆ ನೋಡಿಕೊಳ್ಳುವ ಮೋಟಾರಿನ ಹಿಡಿಕೆ, ಅಂದರೆ ಗಿಂಬಲ್ ಹಿಡಿದು ಸುತ್ತಿದವನೇ. ಪಿಸುಮಾತಿನ ದೃಶ್ಯವೊಂದರಲ್ಲಿ ಅದರ ಮೋಟಾರಿನ ಸಣ್ಣ ಕೀರಲು, ಕೋಲಿನ ತುದಿಗೆ ಕಟ್ಟಿ ನಟರ ಹತ್ತಿರ ಹಿಡಿಯುವ ಬೂಮ್ ಮೈಕ್‌ಗೆ ಸಿಕ್ಕಿಬಿಟ್ಟಿತು. ಧ್ವನಿಗ್ರಾಹಕರು ಹೆಡ್‌ಫೋನ್ ಕೆಳಗಿಳಿಸಿ ನನ್ನತ್ತ ನೋಡಿದ ನೋಟಕ್ಕೆ ಗಿಂಬಲ್ ಅಂದೇ ಪೆಟ್ಟಿಗೆ ಸೇರಿತು. ಮಾನಿಟರ್ ಕೆಳಗೆ ಪುಟ್ಟ ಆ್ಯಕ್ಷನ್ ಕ್ಯಾಮೆರಾ ಅಂಟಿಸಿದೆ: ಅರ್ಧ ಗಂಟೆಯಲ್ಲಿ ಕಾದು ನಿಂತುಹೋಯಿತು, ಅಷ್ಟರಲ್ಲಿ ಸಿಕ್ಕಿದ್ದು ನಿರ್ದೇಶಕರ ಗದ್ದ ಮತ್ತು ಮೂಗಿನ ಹೊಳ್ಳೆಗಳು. ವಿರಾಮದಲ್ಲಿ ಸಂದರ್ಶನ ಮಾಡಿದೆ. ಎಲ್ಲರೂ ‘ಒಂದೇ ಕುಟುಂಬದಂತೆ ಕೆಲಸ ಮಾಡಿದೆವು’ ಎಂದರು. ಹತ್ತು ನಿಮಿಷದ ಹಿಂದೆ ಅದೇ ಕುಟುಂಬದಲ್ಲಿ ಲೆನ್ಸ್ ವಿಷಯಕ್ಕೆ ನಡೆದ ಜಗಳವನ್ನು ನಾನೇ ಕಂಡಿದ್ದೆ.

ಹಣದ ಲೆಕ್ಕ ಇನ್ನೂ ಕೆಟ್ಟದಾಗಿತ್ತು. ಎರಡು ಕ್ಯಾಮೆರಾಗಳಲ್ಲಿ 4ಕೆ, ಸೆಕೆಂಡಿಗೆ 100 ಮೆಗಾಬಿಟ್ ಎಂದರೆ ಒಂದೊಂದಕ್ಕೂ ಗಂಟೆಗೆ ಸುಮಾರು 45 ಜಿಬಿ. ದಿನಕ್ಕೆ ಆರು ಗಂಟೆ ಓಡಿಸಿದರೆ 500 ಜಿಬಿ ದಾಟುತ್ತದೆ, ಎರಡು ಪ್ರತಿ ಇಟ್ಟರೆ ಒಂದು ಟಿಬಿ. ಸಂಭಾವನೆಯ ಮೂರನೇ ಒಂದು ಪಾಲು ಬಾಡಿಗೆಗೂ ಹಾರ್ಡ್ ಡಿಸ್ಕ್‌ಗೂ ಹೋಯಿತು. ಉಳಿದದ್ದರಲ್ಲಿ ದೊಡ್ಡ ತುತ್ತು ಸಂಕಲನಕಾರರದು. ಅವರು ಅಷ್ಟನ್ನೂ ಕೂತು ನೋಡಲೇಬೇಕಲ್ಲ! ಈಗ ದಿನಕ್ಕೆ ಒಂದೂವರೆ ಗಂಟೆಗಿಂತ ಹೆಚ್ಚು ಬರುವುದಿಲ್ಲ, 70 ಜಿಬಿ ಆಸುಪಾಸು. ಸಂಕಲನದ ಖರ್ಚು ಕಾಲು ಭಾಗಕ್ಕೆ ಇಳಿದಿದೆ.

‘ಆ್ಯಕ್ಷನ್’ ಎಂದ ಮೇಲೆ ನಿರ್ದೇಶಕರು ಬರೀ ನೋಡುತ್ತಾರೆ. ಅವರ ಕೆಲಸ ಕಾಣುವುದು ‘ಕಟ್’ ಎಂದು ಕುರ್ಚಿ ಬಿಟ್ಟೆದ್ದು ನಟರ ಹತ್ತಿರ ಹೋಗುವ ಹತ್ತಿಪ್ಪತ್ತು ಹೆಜ್ಜೆಗಳಲ್ಲಿ. ಒಂದು ದೃಶ್ಯದಲ್ಲಿ ನಟಿಯ ಅಳು ಅತಿಯಾಗುತ್ತಿತ್ತು. ನಿರ್ದೇಶಕರು ಎದ್ದು ನಡೆಯುತ್ತಾ ‘ಅಳು ಬೇಡ, ಅಳು ಬೇಡ’ ಎಂದು ತಮ್ಮಷ್ಟಕ್ಕೆ ಗೊಣಗಿಕೊಂಡದ್ದು ಮೈಕಿನಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಹತ್ತಿರ ಹೋದಾಗ ಅಳುವಿನ ಮಾತನ್ನೇ ಎತ್ತಲಿಲ್ಲ. ‘ಈ ಲೋಟವನ್ನು ಕೆಳಗಿಡಬೇಡಿ, ಹಿಡಿದುಕೊಂಡೇ ಮಾತಾಡಿ. ನೀರು ಚೆಲ್ಲಬಾರದು’ ಎಂದಷ್ಟೇ ಹೇಳಿ ಹಿಂದಿರುಗಿದರು. ಮುಂದಿನ ಟೇಕ್‌ನಲ್ಲಿ ಆಕೆಯ ಗಮನವೆಲ್ಲ ಲೋಟದ ಮೇಲೆ. ಕಣ್ಣು ಒಣಗಿತ್ತು, ನೀರು ನಡುಗುತ್ತಿತ್ತು. ಒಂದು ನಿಮಿಷವೂ ಇಲ್ಲದ ಈ ತುಣುಕಿನ ಎದುರು ನಾನು ತೆಗೆದ ಕ್ರೇನ್ ಶಾಟ್‌ಗಳೆಲ್ಲ ದಂಡ.

ಆ ಗೊಣಗಾಟ ಸಿಗಬೇಕಾದರೆ ಪ್ರೀ-ರೆಕಾರ್ಡ್ ಇರುವ ಕ್ಯಾಮೆರಾ ಬೇಕು. ಬಟನ್ ಒತ್ತುವ ಮೊದಲಿನ ಕೆಲವು ಸೆಕೆಂಡುಗಳು ಉಳಿಯುವುದರಿಂದ, ‘ಕಟ್’ ಎನ್ನುವ ಮುಂಚೆ ಮುಖದಲ್ಲಾಗುವ ಬದಲಾವಣೆಯೂ ದಕ್ಕುತ್ತದೆ. ಲೆನ್ಸ್ ದೂರದಿಂದಲೇ ಹತ್ತಿರದ ಚಿತ್ರ ತೆಗೆಯುವ 70–200 ಎಂಎಂ ಜೂಮ್, ನಟರ ದೃಷ್ಟಿರೇಖೆಯಿಂದ ಹೊರಗೆ. ಧ್ವನಿಗ್ರಾಹಕರಿಂದ ಧ್ವನಿ-ಚಿತ್ರಗಳನ್ನು ಹೊಂದಿಸುವ ಸಮಯದ ಗುರುತು, ಅಂದರೆ ಟೈಮ್‌ಕೋಡ್ ಪಡೆದುಕೊಳ್ಳಿ. ಯಾವ ಮಾತು ಯಾವ ಟೇಕ್ ಆದ ಮೇಲಿನದು ಎಂದು ಆಮೇಲೆ ಹುಡುಕಾಡುವ ಕಷ್ಟ ಇರುವುದಿಲ್ಲ.

ಮೈಕ್ ಹಾಕಿಸಿಕೊಳ್ಳಲು ನಿರ್ದೇಶಕರನ್ನು ಒಪ್ಪಿಸುವುದು ಬೇರೆ ಕಥೆ. 1976ರಲ್ಲಿ ‘ಅಪೋಕಲಿಪ್ಸ್ ನೌ’ ಚಿತ್ರದ ಫಿಲಿಪ್ಪೀನ್ಸ್‌ನ ಸೆಟ್‌ನಲ್ಲಿ ಎಲಿನಾರ್ ಕೊಪ್ಪೊಲಾ ಕ್ಯಾಮೆರಾ ಹಿಡಿದಾಗ ಎದುರಿಗಿದ್ದವರು ಗಂಡ, ಆ ಚಿತ್ರದ ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ. ವಿವಿಯನ್ ಕ್ಯೂಬ್ರಿಕ್ ‘ದಿ ಶೈನಿಂಗ್’ ಸೆಟ್‌ನಲ್ಲಿ ತಂದೆ, ನಿರ್ದೇಶಕ ಸ್ಟಾನ್ಲಿ ಕ್ಯೂಬ್ರಿಕ್ ಅವರನ್ನೇ ಚಿತ್ರಿಸಿದ ಅರ್ಧ ಗಂಟೆಯ ಚಿತ್ರ 1980ರಲ್ಲಿ ಬಂದಿತು. ಮನೆಯವರಿಗೆ ಇರುವ ಸಲಿಗೆ ನಮಗೆಲ್ಲಿಂದ ಬರಬೇಕು? ನಾನು ಮೈಕಿನ ಮ್ಯೂಟ್ ಸ್ವಿಚ್ ನಿರ್ದೇಶಕರ ಕೈಗೇ ಕೊಡುತ್ತೇನೆ, ತುಣುಕುಗಳನ್ನು ಮೊದಲು ಅವರೇ ನೋಡಿ ಬೇಡದ್ದನ್ನು ತೆಗೆಸಬಹುದು ಎಂದು ಬರೆದುಕೊಡುತ್ತೇನೆ. ಮೊದಲ ಎರಡು ದಿನ ಸ್ವಿಚ್ ಮೇಲೆ ಬೆರಳಿರುತ್ತದೆ, ಆಮೇಲೆ ಮರೆತೇಬಿಡುತ್ತಾರೆ. ಬಟ್ಟೆಯ ಸರಸರ ಸದ್ದು ಬಾರದಂತೆ ಮೈಕನ್ನು ಎಲ್ಲಿ ಕೂರಿಸುತ್ತೇನೆ, ಮೊದಲ ದಿನ ಅವರಿಗೆ ಏನು ಹೇಳುತ್ತೇನೆ ಎಂಬುದನ್ನು ಮಾತ್ರ ಕೇಳಬೇಡಿ. ಅದು ನನ್ನ ಹೊಟ್ಟೆಪಾಡು.

ಈ ನಡುವೆ ಇನ್ನೊಂದು ಹುಚ್ಚು. ಒಂದು ದಿನವಿಡೀ ನಿರ್ದೇಶಕರ ಕೈಗಳನ್ನಷ್ಟೇ ಚಿತ್ರಿಸಿದೆ: ಚೌಕಟ್ಟು ಅಳೆಯುವ ಬೆರಳುಗಳು, ಚಿತ್ರಕಥೆಯ ಹಾಳೆಯ ಅಂಚನ್ನು ಸುರುಳಿ ಸುತ್ತುವ ಹೆಬ್ಬೆರಳು. ಇಪ್ಪತ್ತು ಸೆಕೆಂಡಿಗೆ ಚೆನ್ನ, ಎರಡು ನಿಮಿಷಕ್ಕೆ ಬೇಸರ. ಬರೀ ಧ್ವನಿಯನ್ನು ಸ್ಥಿರಚಿತ್ರಗಳ ಮೇಲೆ ಹರಿಸಿದ್ದು ಮಾತ್ರ ಎಣಿಸಿದ್ದಕ್ಕಿಂತ ಚೆನ್ನಾಗಿ ಬಂತು, ಖರ್ಚೂ ಇಲ್ಲ.

ಮುಂದಿನ ಚಿತ್ರದಲ್ಲಿ ಛಾಯಾಗ್ರಾಹಕರಿಗೂ ಒಂದು ಮೈಕ್ ಹಾಕುವ ಯೋಚನೆ ಇದೆ. ಅವರಿಗೂ ನಿರ್ದೇಶಕರಿಗೂ ನಡೆಯುವ ವಾದದಲ್ಲಿ ಈಗ ಸಿಗುತ್ತಿರುವುದು ಒಂದೇ ಕಡೆಯ ಮಾತು. ಎರಡನೇ ಮೈಕಿನ ಬಾಡಿಗೆಯನ್ನು ಈ ಬಾರಿ ನನ್ನ ಸಂಭಾವನೆಯೊಳಗೆ ಸೇರಿಸದೆ ಒಪ್ಪಂದದಲ್ಲೇ ಬೇರೆಯಾಗಿ ಬರೆಸಿದ್ದೇನೆ.