ಮೌಂಟ್ ಮಾಡಿದ ಫೋಲ್ಡರ್ ನಿನ್ನೆಯ ಡೇಟಾವನ್ನೇ ತೋರಿಸಿದಾಗ

ಆ ದಿನ ಬೆಳಿಗ್ಗೆ ನನ್ನ ನೋಟ್‌ಬುಕ್ (ಪೈಥಾನ್ ಕೋಡ್ ಅನ್ನು ಸೆಲ್‌ಗಳಾಗಿ ಬರೆದು ಓಡಿಸುವ ಪುಟ) ಕೊಟ್ಟ ಮೊತ್ತಕ್ಕೂ ಸಹೋದ್ಯೋಗಿಯ ವರದಿಯಲ್ಲಿದ್ದ ಮೊತ್ತಕ್ಕೂ ತಾಳೆಯಾಗಲಿಲ್ಲ. ಇಬ್ಬರೂ ಓದಿದ್ದು ಒಂದೇ ಬಕೆಟ್‌ನಲ್ಲಿದ್ದ, ಅಂದರೆ ಕ್ಲೌಡ್ ಸಂಗ್ರಹದಲ್ಲಿ ಕಡತಗಳನ್ನಿಡುವ ಒಂದೇ ತಾಣದಲ್ಲಿದ್ದ, ಒಂದೇ ಹೆಸರಿನ ಕಡತವನ್ನು. ರಾತ್ರಿ ತಾನಾಗಿ ನಡೆಯುವ ಕೆಲಸವು ಆ ಕಡತವನ್ನು ಹೊಸದಾಗಿ ಬರೆದು ಮುಗಿಸಿ ನಾಲ್ಕು ಗಂಟೆ ಕಳೆದಿತ್ತು. ಅವರು ಅದನ್ನು ಬ್ರೌಸರ್‌ನಿಂದ ಇಳಿಸಿಕೊಂಡಿದ್ದರು; ನಾನು ಎರಡು ದಿನಗಳಿಂದ ತೆರೆದೇ ಇಟ್ಟಿದ್ದ ಸೆಷನ್‌ನಲ್ಲಿ, ಮೌಂಟ್ ಮಾಡಿದ, ಅಂದರೆ ದೂರದ ಬಕೆಟ್ ಅನ್ನು ನನ್ನ ಯಂತ್ರದಲ್ಲೇ ಇರುವಂತೆ ತೋರಿಸುವ, ಫೋಲ್ಡರ್‌ನಿಂದ ಓದಿದ್ದೆ. ನನ್ನ ಕಡತದಲ್ಲಿ ಹಿಂದಿನ ದಿನದ ಸಾಲುಗಳಷ್ಟೇ ಇದ್ದವು. ದೋಷದ ಸೂಚನೆಯೂ ಇಲ್ಲ, ಎಚ್ಚರಿಕೆಯೂ ಇಲ್ಲ. ಹಳೆಯ ಡೇಟಾ ಹಳೆಯದೆಂದು ತಾನಾಗಿ ಹೇಳಿಕೊಳ್ಳುವುದಿಲ್ಲವಾದ್ದರಿಂದ, ಅವರ ವರದಿ ಎದುರಿಗೆ ಬಾರದೇ ಇದ್ದಿದ್ದರೆ ನಾನು ಆ ಮೊತ್ತವನ್ನೇ ಮುಂದಕ್ಕೆ ಕಳುಹಿಸಿಬಿಡುತ್ತಿದ್ದೆ.

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ: ನೋಟ್‌ಬುಕ್‌ನ ಕರ್ನಲ್ ಅನ್ನು ಮರುಪ್ರಾರಂಭಿಸಿ ಎಲ್ಲ ಸೆಲ್‌ಗಳನ್ನೂ ಮತ್ತೆ ಓಡಿಸಿದೆ. ಮೊತ್ತ ಬದಲಾಗಲಿಲ್ಲ. ಇಲ್ಲಿ ಒಂದು ಹೆಸರಿನ ಗೊಂದಲವೂ ಇದೆ. ನೋಟ್‌ಬುಕ್‌ನ ಕರ್ನಲ್ ಎಂದರೆ ಪೈಥಾನ್ ಪ್ರಕ್ರಿಯೆ ಮಾತ್ರ; ಫೋಲ್ಡರ್ ಮೌಂಟ್ ಆಗಿರುವುದು ಯಂತ್ರದ ಕಾರ್ಯಾಚರಣ ವ್ಯವಸ್ಥೆಯ ಕರ್ನಲ್‌ನಲ್ಲಿ. ಮೊದಲನೆಯದನ್ನು ಹತ್ತು ಸಲ ಮರುಪ್ರಾರಂಭಿಸಿದರೂ ಎರಡನೆಯದಕ್ಕೆ ಅದರ ಅರಿವೇ ಇರುವುದಿಲ್ಲ. ಪೈಥಾನ್‌ನ ನೆನಪು ಅಳಿಯಿತು, ಮೌಂಟ್‌ನ ನೆನಪು ಹಾಗೆಯೇ ಉಳಿಯಿತು.

ಆಬ್ಜೆಕ್ಟ್ ಸಂಗ್ರಹಗಳಲ್ಲಿ, ಅಂದರೆ ನಮ್ಮ ಬಕೆಟ್ ಇರುವಂಥ ಕ್ಲೌಡ್ ಸಂಗ್ರಹಗಳಲ್ಲಿ, ಹೊಸ ಬರಹ ಎಲ್ಲರಿಗೂ ಕಾಣಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಕಾಯಿರಿ ಎಂದು ಸಹೋದ್ಯೋಗಿ ಹೇಳಿದರು. ಆ ಮಾತು ಒಂದು ಕಾಲಕ್ಕೆ ನಿಜವಾಗಿತ್ತು. ಆದರೆ ಅಮೆಜಾನ್ ಎಸ್3 ಡಿಸೆಂಬರ್ 2020ರಿಂದ, ಬರೆದೊಡನೆ ಓದಿದರೂ ಹೊಸದನ್ನೇ ಕೊಡುವ ದೃಢ ಸ್ಥಿರತೆಯನ್ನು ಒದಗಿಸುತ್ತಿದೆ. ಗೂಗಲ್ ಕ್ಲೌಡ್ ಸ್ಟೋರೇಜ್ ಮತ್ತು ಅಜೂರ್ ಬ್ಲಾಬ್ ಕೂಡ ಹಾಗೆಯೇ ವರ್ತಿಸುತ್ತವೆ. ಅಂದರೆ ಸಂಗ್ರಹದಲ್ಲಿ ಕಡತ ಹೊಸದಾಗಿಯೇ ಇತ್ತು. ತಡವಾಗುತ್ತಿದ್ದುದು ನನ್ನ ಯಂತ್ರದೊಳಗೆ. ಇದು ಸ್ಪಷ್ಟವಾದ ಮೇಲೆ ಹುಡುಕಬೇಕಾದ ಜಾಗ ಬಹಳ ಕಿರಿದಾಯಿತು.

ಯಂತ್ರದೊಳಗೆ ಒಂದಲ್ಲ, ಹಲವು ಕ್ಯಾಶ್‌ಗಳಿರುತ್ತವೆ, ಅಂದರೆ ಮತ್ತೆ ಮತ್ತೆ ಕೇಳುವುದನ್ನು ತಪ್ಪಿಸಲು ಇಟ್ಟುಕೊಂಡ ತಾತ್ಕಾಲಿಕ ನಕಲುಗಳು. ಇಂಥ ಮೌಂಟ್‌ಗಳು ಹೆಚ್ಚಾಗಿ ಫ್ಯೂಸ್ ಎಂಬ ವ್ಯವಸ್ಥೆಯ ಮೇಲೆ ನಡೆಯುತ್ತವೆ: ನಾನು ಕಡತ ತೆರೆದಾಗ ಕರ್ನಲ್ ಆ ಕೋರಿಕೆಯನ್ನು ಹಿನ್ನೆಲೆಯಲ್ಲಿ ಓಡುತ್ತಿರುವ ಮೌಂಟ್ ಪ್ರಕ್ರಿಯೆಗೆ ದಾಟಿಸುತ್ತದೆ, ಆ ಪ್ರಕ್ರಿಯೆ ಅದನ್ನು ನೆಟ್‌ವರ್ಕ್ ಕರೆಯಾಗಿಸಿ ಸಂಗ್ರಹವನ್ನು ಕೇಳುತ್ತದೆ. ಹೆಸರು, ಗಾತ್ರ, ಮಾರ್ಪಾಡಿನ ಸಮಯ ಇವನ್ನು ಕರ್ನಲ್ ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ. ಮೌಂಟ್ ಪ್ರಕ್ರಿಯೆ ತನ್ನದೇ ಆದ ಫೋಲ್ಡರ್ ಪಟ್ಟಿಯನ್ನೂ ಗುಣಲಕ್ಷಣಗಳನ್ನೂ ಇನ್ನಷ್ಟು ಹೊತ್ತು ಇಟ್ಟುಕೊಳ್ಳುತ್ತದೆ. ಡಿಸ್ಕ್ ಕ್ಯಾಶ್ ಚಾಲೂ ಇದ್ದರೆ ಕಡತದ ಒಡಲೇ ಸ್ಥಳೀಯ ಡಿಸ್ಕ್‌ನಲ್ಲಿ ಕುಳಿತಿರುತ್ತದೆ. ಇವೆಲ್ಲದರ ಮೇಲೆ, ನಾನು ಒಮ್ಮೆ ಓದಿಟ್ಟುಕೊಂಡ ಡೇಟಾಫ್ರೇಮ್ (ಸಾಲು-ಕಾಲಮ್‌ಗಳ ಕೋಷ್ಟಕ) ಪೈಥಾನ್‌ನ ಮೆಮೊರಿಯಲ್ಲಿರುತ್ತದೆ. ಸೆಷನ್ ದಿನಗಟ್ಟಲೆ ಜೀವಂತವಾಗಿರುವುದರಿಂದ ಈ ಪದರಗಳಲ್ಲಿ ಯಾವುದು ಬೇಕಾದರೂ ಹಳೆಯದಾಗಬಹುದು. ಐದು ನಿಮಿಷ ಓಡಿ ಮುಗಿಯುವ ಸ್ಕ್ರಿಪ್ಟ್‌ಗಳಲ್ಲಿ ಈ ತೊಂದರೆ ನನಗೆ ಎಂದೂ ಎದುರಾಗದೇ ಇದ್ದುದಕ್ಕೆ ಕಾರಣವೂ ಇದೇ.

ಪದರಗಳ ಈ ಚಿತ್ರ ತಲೆಯಲ್ಲಿ ಮೂಡುವ ಮುನ್ನ ನಾನು ಲಿನಕ್ಸ್‌ನಲ್ಲಿ ನಿರ್ವಾಹಕ ಅಧಿಕಾರದಿಂದ ಕರ್ನಲ್‌ನ ಕ್ಯಾಶ್‌ಗಳನ್ನು ಖಾಲಿ ಮಾಡುವ ಆಜ್ಞೆಯನ್ನೂ ಕೊಟ್ಟು ನೋಡಿದ್ದೆ. ಅದರಿಂದ ಇಡೀ ಯಂತ್ರ ಸ್ವಲ್ಪ ಹೊತ್ತು ನಿಧಾನವಾಯಿತೇ ಹೊರತು ಬೇರೇನೂ ಆಗಲಿಲ್ಲ. ಆ ಆಜ್ಞೆ ಕರ್ನಲ್ ಇಟ್ಟುಕೊಂಡಿದ್ದನ್ನು ಮಾತ್ರ ಬಿಡಿಸುತ್ತದೆ. ಮೌಂಟ್ ಪ್ರಕ್ರಿಯೆಯ ಮೆಮೊರಿ ಅದಕ್ಕೆ ಹೊರಗಿನದು. ಕರ್ನಲ್ ಮತ್ತೆ ಕೇಳಿದಾಗ ಮೌಂಟ್ ಪ್ರಕ್ರಿಯೆ ತನ್ನ ಹಳೆಯ ಪಟ್ಟಿಯನ್ನೇ ಓದಿ ಹೇಳಿತು.

ಕೊನೆಗೆ ಕಳ್ಳ ಸಿಕ್ಕಿದ್ದು ನಾನೇ ಬರೆದಿದ್ದ ಒಂದು ಸಾಲಿನಲ್ಲಿ. ಬಕೆಟ್‌ನಲ್ಲಿ ಲಕ್ಷಕ್ಕೂ ಹೆಚ್ಚು ಸಣ್ಣ ಕಡತಗಳಿದ್ದುದರಿಂದ ಪಟ್ಟಿ ತೋರಿಸಲು ತಡವಾಗುತ್ತದೆಂದು, ಕೆಲವು ತಿಂಗಳ ಹಿಂದೆ ಫೋಲ್ಡರ್ ಪಟ್ಟಿಯ ಕ್ಯಾಶ್ ಅವಧಿಯನ್ನು ಹನ್ನೆರಡು ಗಂಟೆಗೆ ಏರಿಸಿದ್ದೆ. ಆ ಸಲಹೆಯನ್ನು ನಾನು ಎತ್ತಿಕೊಂಡದ್ದು ಗೂಗಲ್ ಡ್ರೈವ್ ಮೌಂಟ್ ಮಾಡುವವರಿಗಾಗಿ ಬರೆದ ಸೂಚನೆಯಿಂದ. ದೂರದ ಸಂಗ್ರಹಗಳನ್ನು ಮೌಂಟ್ ಮಾಡುವ ಆರ್‌ಕ್ಲೋನ್‌ನಂಥ ಸಾಧನ ಡ್ರೈವ್‌ನಲ್ಲಿ ಏನು ಬದಲಾಗಿದೆ ಎಂದು ಪೂರ್ವನಿಯೋಜಿತವಾಗಿ ನಿಮಿಷಕ್ಕೊಮ್ಮೆ ವಿಚಾರಿಸುತ್ತಿರುತ್ತದೆ. ಬದಲಾದದ್ದನ್ನು ಕ್ಯಾಶ್‌ನಿಂದ ತೆಗೆದುಹಾಕುತ್ತದೆ. ಆದ್ದರಿಂದ ಅಲ್ಲಿ ಅವಧಿ ಎಷ್ಟು ದೀರ್ಘವಾಗಿದ್ದರೂ ನಡೆಯುತ್ತದೆ. ಎಸ್3 ಮಾದರಿಯ ಸಂಗ್ರಹದಲ್ಲಿ ಆ ಸಾಧನಕ್ಕೆ ಹಾಗೆ ವಿಚಾರಿಸುವ ದಾರಿಯಿಲ್ಲ, ಅವಧಿ ಮುಗಿಯುವುದೊಂದೇ ಗತಿ. ಒಂದು ಸಂಗ್ರಹಕ್ಕೆ ಸರಿಯಾದ ಸೂಚನೆಯನ್ನು ಇನ್ನೊಂದರ ಮೇಲೆ ಹೇರಿದ್ದು ನನ್ನದೇ ತಪ್ಪು.

ಈ ಅವಧಿಗಳ ಪೂರ್ವನಿಯೋಜಿತ ಮೌಲ್ಯಗಳನ್ನು ತಿಳಿದಿರುವುದು ಉಪಯುಕ್ತ. ಆರ್‌ಕ್ಲೋನ್ ಫೋಲ್ಡರ್ ಪಟ್ಟಿಯನ್ನು 5 ನಿಮಿಷ ಇಟ್ಟುಕೊಳ್ಳುತ್ತದೆ. ಗೂಗಲ್ ಕ್ಲೌಡ್ ಸ್ಟೋರೇಜ್ ಅನ್ನು ಮೌಂಟ್ ಮಾಡುವ ಜಿಸಿಎಸ್‌ಫ್ಯೂಸ್ ಗುಣಲಕ್ಷಣಗಳನ್ನು 60 ಸೆಕೆಂಡು ನೆನಪಿಡುತ್ತದೆ. ಅದಕ್ಕೆ 0 ಕೊಟ್ಟರೆ ಪ್ರತಿ ಸಲವೂ ಸಂಗ್ರಹವನ್ನು ಕೇಳುತ್ತದೆ, ಋಣ 1 ಕೊಟ್ಟರೆ ನೆನಪು ಎಂದಿಗೂ ಹಳತಾಗುವುದಿಲ್ಲ. ಅಜೂರ್ ಬ್ಲಾಬ್ ಅನ್ನು ಮೌಂಟ್ ಮಾಡುವ ಬ್ಲಾಬ್‌ಫ್ಯೂಸ್2 ಗುಣಲಕ್ಷಣಗಳಿಗೂ ಕಡತಗಳಿಗೂ 120 ಸೆಕೆಂಡು ಕೊಡುತ್ತದೆ. ಹೀಗಿರುವಾಗ ಎಲ್ಲವನ್ನೂ ಸೊನ್ನೆಗೆ ಇಳಿಸಿದರೆ ಕೆಲಸ ಮುಗಿಯಿತಲ್ಲ ಎಂದು ನನಗೂ ಅನ್ನಿಸಿತ್ತು, ಒಂದು ದಿನ ಹಾಗೆ ಮಾಡಿಯೂ ನೋಡಿದೆ. ಸಾವಿರಾರು ಕಡತಗಳ ಫೋಲ್ಡರ್ ಮೇಲೆ ಸುತ್ತುವ ಒಂದು ಸಣ್ಣ ಲೂಪ್ ಕೂಡ ಕಡತಕ್ಕೊಂದರಂತೆ ನೆಟ್‌ವರ್ಕ್ ಕರೆ ಮಾಡುತ್ತಾ ತೆವಳತೊಡಗಿತು. ಕರೆಗಳಿಗೆ ಲೆಕ್ಕ ಹಾಕಿ ಶುಲ್ಕ ಪಡೆಯುವ ಸಂಗ್ರಹಗಳಲ್ಲಿ ಅದು ಹಣದ ಪ್ರಶ್ನೆಯೂ ಹೌದು. ನನ್ನ ಅಭಿಪ್ರಾಯದಲ್ಲಿ ಸೊನ್ನೆ ಎಂಬುದು ರೋಗ ಎಲ್ಲಿದೆಯೆಂದು ಪತ್ತೆಮಾಡಲು ಒಳ್ಳೆಯದು, ದಿನವೂ ಸೇವಿಸಲು ಅಲ್ಲ.

ಅವಧಿಯನ್ನು ಒಂದು ನಿಮಿಷಕ್ಕೆ ಇಳಿಸಿದ ಮೇಲೂ ಇನ್ನೊಂದು ವಿಚಿತ್ರ ಎದುರಾಯಿತು. ಹೊಸ ಕಡತ ಹಳೆಯದಕ್ಕಿಂತ ದೊಡ್ಡದಾಗಿತ್ತು. ಬದಲಾದ ಕೂಡಲೇ ಓದಿದಾಗ ಸಾಲುಗಳು ಹೊಸವೇ ಬಂದವು, ಆದರೆ ಕೊನೆಯ ಸಾಲು ಅರ್ಧಕ್ಕೆ ತುಂಡಾಗಿತ್ತು. ಮೌಂಟ್‌ನ ನೆನಪಿನಲ್ಲಿ ಹಳೆಯ ಗಾತ್ರವಿತ್ತು, ಸಂಗ್ರಹದಿಂದ ಬಂದದ್ದು ಹೊಸ ಒಡಲು. ಕರ್ನಲ್ ತನಗೆ ತಿಳಿದ ಗಾತ್ರದವರೆಗೆ ಓದಿ ನಿಲ್ಲಿಸಿತು. ಪೂರ್ತಿ ಹಳೆಯ ಕಡತಕ್ಕಿಂತ ಈ ಅರೆಹೊಸ ಕಡತ ಹೆಚ್ಚು ಅಪಾಯಕಾರಿ ಎಂದು ನನಗೆ ತೋರಿತು, ಏಕೆಂದರೆ ಮೊದಲ ಕೆಲವು ಸಾಲುಗಳನ್ನು ನೋಡಿ ತೃಪ್ತಿಪಡುವ ನನ್ನ ಅಭ್ಯಾಸಕ್ಕೆ ಅದು ಸಿಕ್ಕುವುದೇ ಇಲ್ಲ. ಪಾರ್ಕೆ ಮಾದರಿಯ ಕಡತವಾಗಿದ್ದರೆ ವಿವರಪಟ್ಟಿ ಕಡತದ ತುದಿಯಲ್ಲಿರುವುದರಿಂದ ಓದುವಾಗಲೇ ದೋಷ ಬೀಳುತ್ತದೆ. ಬರೀ ಪಠ್ಯದ ಸಾಲುಗಳಿರುವ ಸಿಎಸ್‌ವಿ ಕಡತ ಸುಮ್ಮನೆ ಒಪ್ಪಿಕೊಂಡುಬಿಡುತ್ತದೆ.

ಇದಾದ ಮೇಲೆ ಮೌಂಟ್ ಹೇಳುವ ಮಾರ್ಪಾಡಿನ ಸಮಯವನ್ನು ನಂಬುವುದನ್ನೂ ಬಿಟ್ಟೆ. ಕೆಲವು ನಕಲು ಸಾಧನಗಳು ಮೂಲ ಕಡತದ ಸಮಯವನ್ನೇ ಜೊತೆಯಲ್ಲಿ ಏರಿಸಿ ಕಾಪಾಡುತ್ತವೆ. ಆಗ ಇವತ್ತು ಬಂದ ಕಡತಕ್ಕೂ ಹಿಂದಿನ ವಾರದ ದಿನಾಂಕವಿರುತ್ತದೆ. ಅದರ ಬದಲು ನಾನು ಒಂದು ಸಣ್ಣ ಫಂಕ್ಷನ್ ಬರೆದುಕೊಂಡೆ: ಅದು ಮೌಂಟ್ ಅನ್ನು ಬದಿಗಿಟ್ಟು, ಸಂಗ್ರಹದ ಎಪಿಐ (ಕೋಡ್‌ನಿಂದ ಸಂಗ್ರಹವನ್ನು ಕೇಳುವ ದಾರಿ) ಮೂಲಕ ನೇರವಾಗಿ ಕಡತದ ಇ-ಟ್ಯಾಗ್ (ಒಡಲು ಬದಲಾದರೆ ಬದಲಾಗುವ ಗುರುತು) ಮತ್ತು ಗಾತ್ರವನ್ನು ಕೇಳುತ್ತದೆ, ಒಡಲನ್ನು ಇಳಿಸದೆ ಶೀರ್ಷಿಕೆಯನ್ನಷ್ಟೇ ತರುವ ಒಂದು ಕರೆ ಅದಕ್ಕೆ ಸಾಕು. ಗೂಗಲ್‌ನ ಸಂಗ್ರಹದಲ್ಲಾದರೆ ಪ್ರತಿ ಬಾರಿ ಕಡತ ಬದಲಾದಾಗಲೂ ಹೊಸದಾಗುವ ಜನರೇಷನ್ ಸಂಖ್ಯೆ ಇನ್ನೂ ಅನುಕೂಲ. ಇ-ಟ್ಯಾಗ್ ಅನ್ನು ಕಡತದ ಎಂಡಿ5 (ಇಡೀ ಒಡಲಿನಿಂದ ಲೆಕ್ಕ ಹಾಕಿದ ಗುರುತು) ಎಂದು ಭಾವಿಸಿ ಹೋಲಿಸಬಾರದು. ಭಾಗಭಾಗವಾಗಿ ಏರಿಸಿದ ಕಡತಗಳಿಗೆ ಅದು ಹೊಂದುವುದಿಲ್ಲ. ಬದಲಾಗಿದೆಯೇ ಇಲ್ಲವೇ ಎಂಬ ಪ್ರಶ್ನೆಗೆ ಉತ್ತರವಾಗಿ ಮಾತ್ರ ಅದನ್ನು ಬಳಸುತ್ತೇನೆ. ಹಿಂದೆ ಓದಿದಾಗಿನ ಟ್ಯಾಗ್ ಅನ್ನು ಡೇಟಾಫ್ರೇಮ್ ಜೊತೆಯಲ್ಲೇ ಇಟ್ಟುಕೊಂಡಿರುವುದರಿಂದ, ಎರಡೂ ಒಂದೇ ಆಗಿದ್ದರೆ ಮೆಮೊರಿಯಲ್ಲಿರುವುದನ್ನೇ ಬಳಸುತ್ತೇನೆ, ಬೇರೆಯಾದರೆ ಮತ್ತೆ ಓದುತ್ತೇನೆ. ಓದುವ ಮುನ್ನ ಮೌಂಟ್ ತೋರಿಸುವ ಗಾತ್ರವು ಎಪಿಐ ಹೇಳಿದ ಗಾತ್ರಕ್ಕೆ ಸಮವಾಗಿದೆಯೇ ಎಂದು ನೋಡಿ, ಸಮವಿಲ್ಲದಿದ್ದರೆ ಫಂಕ್ಷನ್ ದೋಷ ಎಸೆದು ನಿಲ್ಲುತ್ತದೆ.

ಕಡತ ಬದಲಾದಾಗ ಸೂಚನೆ ಕೊಡುವ ಇನೋಟಿಫೈ ಬಳಸಿ ಇದನ್ನೆಲ್ಲ ತಪ್ಪಿಸಬಹುದೆಂದು ನಡುವೆ ಅರ್ಧ ದಿನ ಕಳೆದೆ. ಅದು ಅದೇ ಯಂತ್ರದ ಮೂಲಕ ಆದ ಬದಲಾವಣೆಗಳನ್ನು ಮಾತ್ರ ಹೇಳುತ್ತದೆ. ದೂರದ ಬಕೆಟ್‌ನಲ್ಲಿ ಬೇರೊಬ್ಬರು ಬರೆದದ್ದು ಅದರ ಕಿವಿಗೆ ಬೀಳುವುದೇ ಇಲ್ಲ.

ಮೌಂಟ್ ಅನ್ನು ಬಲವಂತವಾಗಿ ಹೊಸದಾಗಿಸಬೇಕಾದಾಗ, ಪೂರ್ತಿ ಕಳಚಿ ಜೋಡಿಸುವುದು ನನ್ನ ಕೊನೆಯ ಆಯ್ಕೆ. ಆರ್‌ಕ್ಲೋನ್ ಪ್ರಕ್ರಿಯೆಗೆ ಸಿಗ್‌ಹಪ್ ಸಂಕೇತ ಕಳುಹಿಸಿದರೆ ಅದು ಫೋಲ್ಡರ್ ಕ್ಯಾಶ್ ಅನ್ನು ಮರೆಯುತ್ತದೆ. ದೂರನಿಯಂತ್ರಣ ಸೌಲಭ್ಯ ಚಾಲೂ ಇದ್ದರೆ ಒಂದೇ ಫೋಲ್ಡರ್ ಅನ್ನು ಮರೆಯಲು ಹೇಳುವ ಆಜ್ಞೆಯೂ ಇದೆ. ಗೂಗಲ್‌ನ ಆನ್‌ಲೈನ್ ನೋಟ್‌ಬುಕ್ ಸೇವೆಯಾದ ಕೊಲ್ಯಾಬ್‌ನಂಥ ಕಡೆ ಬಲವಂತದ ಮರುಮೌಂಟ್ ಮಾಡುವ ಆಯ್ಕೆಯನ್ನು ಕೊಟ್ಟಿದ್ದಾರೆ. ನಾವೇ ನಡೆಸುವ ಯಂತ್ರದಲ್ಲಿ ಕಳಚಲು ಹೋದರೆ ‘ಸಾಧನ ಬಳಕೆಯಲ್ಲಿದೆ’ ಎಂಬ ಉತ್ತರ ಬರುವುದೇ ಹೆಚ್ಚು. ನನ್ನ ಅನುಭವದಲ್ಲಿ ಅದರ ಕಾರಣ ಪ್ರತಿ ಸಲವೂ ಚಿಲ್ಲರೆಯದು: ಯಾವುದೋ ಟರ್ಮಿನಲ್ ಆ ಫೋಲ್ಡರ್‌ನೊಳಗೆ ನಿಂತಿರುತ್ತದೆ, ಇಲ್ಲವೇ ನೋಟ್‌ಬುಕ್ ಒಂದರಲ್ಲಿ ತೆರೆದ ಕಡತವನ್ನು ಮುಚ್ಚಿರುವುದಿಲ್ಲ. ಆಗ ತಡವಾಗಿ ಕಳಚುವ ಆಯ್ಕೆ ಬಳಸಿದರೆ ಆಜ್ಞೆ ಯಶಸ್ವಿಯಾದಂತೆ ಕಾಣುತ್ತದೆ, ಆದರೆ ಮೊದಲೇ ತೆರೆದಿದ್ದ ಕಡತಗಳ ಹ್ಯಾಂಡಲ್‌ಗಳು ಹಳೆಯ ಮೌಂಟ್‌ಗೇ ಅಂಟಿಕೊಂಡಿರುತ್ತವೆ. ಹೊಸದಾಗಿ ಮೌಂಟ್ ಮಾಡಿಯೂ ಹಳೆಯ ಡೇಟಾ ಓದುವ ಸ್ಥಿತಿ ಹೀಗೆಯೇ ಹುಟ್ಟುತ್ತದೆ. ಆದ್ದರಿಂದ ಈಗ ಯಾವ ಕಡತವನ್ನೂ ಪೈಥಾನ್‌ನ ‘ವಿತ್’ ಬ್ಲಾಕ್‌ನ (ಕೆಲಸ ಮುಗಿದೊಡನೆ ಕಡತವನ್ನು ತಾನಾಗಿ ಮುಚ್ಚುವ ರಚನೆ) ಹೊರಗೆ ತೆರೆಯುವುದಿಲ್ಲ. ನೋಟ್‌ಬುಕ್‌ನ ಕಾರ್ಯಫೋಲ್ಡರ್ ಅನ್ನು ಮೌಂಟ್‌ನೊಳಗೆ ಇಡುವುದೂ ಇಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ತೊಂದರೆಯ ಬೇರು ಬೇರೆ ಕಡೆ ಇದೆ ಎಂಬುದು ನನಗೆ ನಿಧಾನವಾಗಿ ಅರಿವಾಯಿತು: ಒಂದೇ ಹೆಸರಿನ ಕಡತವನ್ನು ನಾವು ಪ್ರತಿ ರಾತ್ರಿ ಅಳಿಸಿ ಬರೆಯುತ್ತಿದ್ದೆವು. ಹೆಸರೇ ಹೊಸದಾಗಿದ್ದರೆ ಹಳೆಯ ಕ್ಯಾಶ್‌ನಲ್ಲಿ ಸಿಕ್ಕುವುದಕ್ಕೆ ಏನೂ ಇರುವುದಿಲ್ಲ. ರಾತ್ರಿಯ ಕೆಲಸವನ್ನು ನೋಡಿಕೊಳ್ಳುವವರೊಡನೆ ಕುಳಿತು, ಪ್ರತಿ ಓಟಕ್ಕೂ ಹೊಸ ಫೋಲ್ಡರ್ ಮಾಡಿ, ಎಲ್ಲ ಕಡತಗಳೂ ಏರಿದ ಮೇಲೆ ಕಟ್ಟಕಡೆಗೆ ಒಂದು ಪುಟ್ಟ ಸೂಚಕ ಕಡತದಲ್ಲಿ ಆ ಫೋಲ್ಡರ್‌ನ ಹೆಸರನ್ನು ಬರೆಯುವಂತೆ ಬದಲಾಯಿಸಿದೆವು. ಒಂದು ಆಬ್ಜೆಕ್ಟ್‌ನ ಬರಹ ಅಖಂಡವಾಗಿ ನಡೆಯುವುದರಿಂದ ಸೂಚಕವನ್ನು ಓದಿದವರಿಗೆ ಪೂರ್ತಿ ಹಳೆಯದು ಅಥವಾ ಪೂರ್ತಿ ಹೊಸದು ಸಿಗುತ್ತದೆ. ಹತ್ತು ಕಡತಗಳಲ್ಲಿ ಆರು ಹೊಸದು, ನಾಲ್ಕು ಹಳೆಯದು ಎಂಬ ಬೆರಕೆಗೆ ಅವಕಾಶವಿರುವುದಿಲ್ಲ. ಸೂಚಕವನ್ನು ಮಾತ್ರ ಎಪಿಐ ಮೂಲಕ ಓದುತ್ತೇವೆ, ಉಳಿದದ್ದನ್ನೆಲ್ಲ ಮೌಂಟ್ ಮೂಲಕ.

ಒಂದು ಸಣ್ಣ ತಿದ್ದುಪಡಿಯೂ ಬೇಕಾಯಿತು. ಹೊಸ ಫೋಲ್ಡರ್ ಬಂದಿದೆಯೇ ಎಂದು ನನ್ನ ಹಳೆಯ ಕೋಡ್ ಮೌಂಟ್‌ನಲ್ಲಿ ಮತ್ತೆ ಮತ್ತೆ ಇಣುಕುತ್ತಿತ್ತು. ‘ಇಲ್ಲ’ ಎಂಬ ಉತ್ತರವೂ ಕ್ಯಾಶ್‌ನಲ್ಲಿ ಉಳಿಯುವುದರಿಂದ ಫೋಲ್ಡರ್ ಬಂದ ಮೇಲೂ ಸ್ವಲ್ಪ ಹೊತ್ತು ಅದು ಇಲ್ಲವೆಂದೇ ಕಾಣುತ್ತಿತ್ತು. ಆ ಇಣುಕುವಿಕೆಯನ್ನು ತೆಗೆದುಹಾಕಿದೆ. ಈಗ ಫೋಲ್ಡರ್ ಪಟ್ಟಿಯ ಅವಧಿ ಪೂರ್ವನಿಯೋಜಿತ ಐದು ನಿಮಿಷಕ್ಕೇ ಮರಳಿದೆ. ಸೂಚಕ ಹೇಳಿದ ಹೆಸರು ಅಷ್ಟರೊಳಗೆ ಮೌಂಟ್‌ನಲ್ಲಿ ಕಾಣದಿದ್ದರೆ ಆ ಫೋಲ್ಡರ್ ಒಂದನ್ನೇ ಮರೆಯಲು ಹೇಳುತ್ತೇನೆ. ನೋಟ್‌ಬುಕ್‌ನ ಮೊದಲ ಸೆಲ್ ತಾನು ಯಾವ ಓಟದ ಫೋಲ್ಡರ್‌ನಿಂದ ಓದಿತೆಂಬುದನ್ನು ಅಚ್ಚಿಸುತ್ತದೆ, ವರದಿ ಕಳುಹಿಸುವಾಗ ಆ ಸಾಲನ್ನೂ ಅದರ ಅಡಿಯಲ್ಲಿ ಸೇರಿಸುತ್ತೇನೆ.