ಊರ ಪಕ್ಕ ಗಣಿ ಬರುತ್ತಾ? ಅಹವಾಲು ಸಭೆಗೆ ಹೀಗೆ ತಯಾರಾಗಿ

ಊರ ಹತ್ತಿರ ದೊಡ್ಡ ಗಣಿಯೋ ಸಿಮೆಂಟ್ ಕಾರ್ಖಾನೆಯೋ ಬರುತ್ತಿದೆ ಅಂತ ಗೊತ್ತಾದರೆ ಸುಮ್ನೆ ಕಟ್ಟೆ ಮೇಲೆ ಕೂತು ಬೈದರೆ ಏನೂ ಆಗಲ್ಲ. ಕೇಂದ್ರ ಸರ್ಕಾರದ 2006ರ ಅಧಿಸೂಚನೆ ಪ್ರಕಾರ ಇಂಥ ಬಹುಪಾಲು ದೊಡ್ಡ ಯೋಜನೆಗಳಿಗೆ ಪರಿಸರ ಅನುಮತಿ ಕೊಡುವ ಮೊದಲು ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು.

ಸಭೆಗೆ ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಕಂಡ ಕೂಡಲೇ ಫೋಟೊ ತೆಗೆದಿಟ್ಟುಕೊಳ್ಳಿ. ಆಮೇಲೆ ಜಿಲ್ಲಾಧಿಕಾರಿ ಕಚೇರಿಗೋ ಜಿಲ್ಲಾ ಪಂಚಾಯಿತಿಗೋ ಹೋಗಿ, ಯೋಜನೆಯಿಂದ ಪರಿಸರದ ಮೇಲೆ ಏನೇನು ಪರಿಣಾಮ ಆಗುತ್ತೆ ಅಂತ ಹೇಳುವ ಕರಡು ವರದಿ ಕೇಳಿ. ದಪ್ಪ ಇಂಗ್ಲಿಷ್ ಪುಸ್ತಕ ನೋಡಿ ಹೆದರಬೇಡಿ, ಸಾರಾಂಶ ಕನ್ನಡದಲ್ಲೂ ಇರಬೇಕು. ನೀರು ಎಲ್ಲಿಂದ ತರುತ್ತಾರೆ, ದಿನಕ್ಕೆ ಎಷ್ಟು, ಕೊಳಚೆ ಎಲ್ಲಿಗೆ ಬಿಡುತ್ತಾರೆ, ಲಾರಿಗಳು ಯಾವ ರಸ್ತೆಯಲ್ಲಿ ಓಡಾಡುತ್ತವೆ, ಈ ಪುಟಗಳನ್ನು ಮೊದಲು ಹುಡುಕಿ. ನಿಮ್ಮೂರ ಕೆರೆ ನಕ್ಷೆಯಲ್ಲೇ ಇಲ್ವಾ? ಅದೇ ಮೊದಲ ಆಕ್ಷೇಪಣೆ, ಸರ್ವೆ ನಂಬರ್ ಸಮೇತ ಬರೆಯಿರಿ.

ಬಾಯಲ್ಲಿ ಹೇಳಿದ್ದಕ್ಕಿಂತ ಬರೆದುಕೊಟ್ಟದ್ದಕ್ಕೆ ತೂಕ ಜಾಸ್ತಿ. ಮಾಲಿನ್ಯ ನಿಯಂತ್ರಣ ಮಂಡಳಿಗೆ ಪತ್ರ ಕೊಟ್ಟು, ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ.

ಕೆಲವರು ಸಭೆ ಬಹಿಷ್ಕರಿಸಿ ಹೊರಗೆ ಘೋಷಣೆ ಕೂಗುತ್ತಾರೆ. ನನಗೇನೋ ಇದು ಸರಿ ಕಾಣಲ್ಲ. ಇಷ್ಟೇ ಜನ ಇರಬೇಕು ಅಂತ ನಿಯಮವೇ ಇಲ್ಲ, ನೀವಿಲ್ಲದೆಯೂ ಸಭೆ ಮುಗಿದುಹೋಗುತ್ತದೆ. ಒಳಗೆ ಹೋಗಿ, ಮಾತಾಡಿ, ವಿಡಿಯೊ ಆಗುತ್ತಿದೆಯಾ ನೋಡಿ. ಕೊನೆಗೆ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳಬೇಕು, ಅಲ್ಲಿವರೆಗೆ ಎದ್ದು ಬರಬೇಡಿ. ನಿಮ್ಮ ಮಾತು ಬಿಟ್ಟುಹೋಗಿದ್ದರೆ ಅಲ್ಲೇ ಸೇರಿಸಲು ಹೇಳಿ. ಆಮೇಲೆ ಅದನ್ನು ಪಂಚಾಯಿತಿ ಕಚೇರಿಯಲ್ಲೂ ಅಂಟಿಸಬೇಕು, ಒಮ್ಮೆ ಹೋಗಿ ನೋಡಿ.